ಕುದುರೆ ಪಿಚ್ಚರಿನ ಹದಿನೇಳು ನಿಮಿಷ

2024ರ ನವೆಂಬರ್ 17, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ದೇವು ಫ್ಲೆಕ್ಸಿನ ನಾಲ್ಕನೆಯ ಮೂಲೆಗೆ ಹಗ್ಗ ಬಿಗಿಯುತ್ತಿದ್ದ. ಅದರ ಕೆಳಗೆ, ಮನೆಯ ಕಟ್ಟೆಯ ಮೇಲೆ, ಬಾಲಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಫ್ಲೆಕ್ಸಿನ ತುಂಬ ಸಿನಿಮಾ ಡೈರೆಕ್ಟರ್ ರುದ್ರಭೂಷಣನ ಮುಖ. ಅದರ ಮೂಗಿನ ಹೊಳ್ಳೆಯೊಳಗೆ ಬಾಲಪ್ಪನ ತಲೆ ಸಲೀಸಾಗಿ ಹಿಡಿಸುತ್ತಿತ್ತು. ಮೂಲೆಯಲ್ಲಿ ಅಂಗೈಯಗಲದ ಹಳೆಯ ಫೋಟೊ: ವೇದಿಕೆಯ ಮೇಲೆ ಡೈರೆಕ್ಟರ್ ಶಾಲು ಹೊದಿಸುತ್ತಿದ್ದಾನೆ, ಬಾಲಪ್ಪ ಕೈಮುಗಿದು ಬಾಯ್ತುಂಬ ನಗುತ್ತಿದ್ದಾನೆ. ಕೆಳಗೆ ಕೆಂಪಕ್ಷರ: ‘ಡೈರೆಕ್ಟರ್ ಸಾಹೇಬರ ಸುರಪುರದ ಮೊದಲ ಭಕ್ತ ಇನ್ನಿಲ್ಲ.’

“ಅದನ್ನ ಬಿಚ್ಚು ದೇವು,” ಎಂದಳು ಪವಿತ್ರಾ. ಬಾಲಪ್ಪನ ಒಬ್ಬಳೇ ಮಗಳು. ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು.

“ಯಾಕ್ರಿ ಅಕ್ಕಾರ?” ದೇವು ಮೊಬೈಲ್ ಅಂಗಡಿಯವ, ರುದ್ರಭೂಷಣ ಅಭಿಮಾನಿ ಸಂಘದ ಅಧ್ಯಕ್ಷ. “ಮಣ್ಣಿನ ಟೈಮಿಗಿ ಇದನ್ನೇ ಕಾಕಾನ ಮ್ಯಾಲ ಹೊಚ್ಚೋಣು. ವಿಡಿಯೊ ಮಾಡಿ ಸಾಹೇಬ್ರಿಗೆ ಕಳಸ್ತೇನಿ.”

ಅದನ್ನು ಹೊದ್ದುಕೊಂಡು ಅಪ್ಪ ಮಣ್ಣಿಗೆ ಹೋಗಬಾರದು. ಆದರೆ ಯಾಕೆಂದು ಹೇಳುವ ಹಾಗಿರಲಿಲ್ಲ; ಅಪ್ಪನಿಗೆ ಮಾತು ಕೊಟ್ಟಿದ್ದಳು. ಪಕ್ಕದಲ್ಲಿ ಕುಳಿತ ತಾಯಿ ಹಣಮಮ್ಮ ಫ್ಲೆಕ್ಸಿನಿಂದ ಕಣ್ಣು ತೆಗೆದಿರಲಿಲ್ಲ.

ಬಾಲಪ್ಪ ಮೂವತ್ತೊಂದು ವರ್ಷ ಸುರಪುರದ ಟಾಕೀಜಿನಲ್ಲಿ ರೀಲು ಓಡಿಸಿದವ. ಅಲ್ಲಿ ಗೇಟು ಕಾಯುತ್ತಿದ್ದ ಪರಮಣ್ಣ ಬೇವಿನ ನೆರಳಲ್ಲಿ ಕುಳಿತು ಹಳೆಯದನ್ನು ತೆಗೆದ.

“ರುದ್ರಭೂಷಣಂದು ಮೊದಲಿನ ಪಿಚ್ಚರ್ ಅಂದ್ರ ಪಿಚ್ಚರ್. ಆ ಕುದುರಿ ಪಿಚ್ಚರ್ ನೆನಪೈತೇನು ಮುನ್ನಿಬೀ? ಬಾಣ ಬಿಟ್ಟಂಗ ಹೋಗತಿತ್ತು.”

“ನೆನಪಿಲ್ಲದೇನು!” ಮುನ್ನಿಬೀ ಟಾಕೀಜಿನ ಮುಂದೆ ಭಜಿ ಮಾರುತ್ತಿದ್ದವಳು. “ನಡುವ ಒಬ್ಬನೂ ಎದ್ದು ಹೊರಗ ಬರ್ತಿದ್ದಿಲ್ಲ. ನನ್ನ ಭಜಿ ಆರಿ ಕಲ್ಲಾಗತಿದ್ವು. ಮೊನ್ನಿ ಯಾದಗಿರ್‌ನಾಗ ಅವಂದೇ ಹೊಸಾದು ನೋಡಿದೆ. ಮೂರು ತಾಸು! ಒಂದು ನಿದ್ದಿ ಮುಗಿಸಿ ಎದ್ದೆ, ಹೀರೊ ಅದೇ ಮೆಟ್ಟಿಲ ಇಳಿಯಾಕತ್ತಿದ್ದ.”

“ರೀಲ್ ಹೋಗಿ ಕಂಪ್ಯೂಟರ್ ಬಂದ ಮ್ಯಾಲ ಅವನ ಕೈ ಸೋತು ಹೋತು.”

“ನಿಮಗ ತಿಳ್ಯಂಗಿಲ್ಲ ಬಿಡ್ರಿ,” ಎಂದ ದೇವು. “ಅದು ವರ್ಲ್ಡ್ ಲೆವಲ್ ಪಿಚ್ಚರ್.”

“ನಿದ್ದಿನೂ ವರ್ಲ್ಡ್ ಲೆವಲ್ಲೇ ಬಂದಿತ್ತಪ್ಪ.”

*

1994ರಲ್ಲಿ ಪವಿತ್ರಾ ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಕುದುರೆ ಪಿಚ್ಚರು ಬಂದ ಶುಕ್ರವಾರ ಬಾಲಪ್ಪ ಮಷಿನ್ ರೂಮಿನ ಕಿಂಡಿಯಿಂದ, ಯಾವ ಸೀನಿಗೆ ಎಷ್ಟು ಜನ ಎದ್ದು ಹೊರಗೆ ಹೋದರೆಂದು ಎಣಿಸಿದ. ಶನಿವಾರ ಬೆಳಿಗ್ಗೆ ಮಗಳನ್ನು ಕೂಡಿಸಿಕೊಂಡು ರೀಲು ಬಿಚ್ಚಿದ.

“ಅಡಿಗೆ ಹದಿನಾರು ಚಿತ್ರ, ಸೆಕೆಂಡಿಗೆ ಇಪ್ಪತ್ತನಾಕು. ನಿಮಿಷಕ್ಕ ಎಷ್ಟಡಿ?”

“ತೊಂಬತ್ತು.”

“ಶಾಣ್ಯಾಕಿ. ಇಲ್ಲಿ ನೋಡು, ಹೀರೊ ಕದ ತೆಗಿಯಾಕ ಐವತ್ತೆರಡು ಸೆಕೆಂಡ್. ಅಷ್ಟೊತ್ತಿಗೆ ನಮ್ಮ ಕುರಿ ಬ್ಯಾರೆಯವರ ಹೊಲ ಮೇಯ್ದು, ಬೈಸಿಕೊಂಡು, ಮನಿಗಿ ಬಂದಿರತಾವ. ಇವಗ ಡೈರೆಕ್ಟರ್ ಅಂತಾರ!”

ಬ್ಲೇಡಿನಿಂದ ಕೊಯ್ದು, ಉಳಿದದ್ದಕ್ಕೆ ಅಂಟು ಹಚ್ಚಿದ. ಹತ್ತು ಊರು ಸುತ್ತಿ ಸವೆದ ಪ್ರಿಂಟು ಕಡೆಗೆ ಸುರಪುರಕ್ಕೆ ಬರುತ್ತಿತ್ತು. ವಾಪಸು ಹೋದ ಮೇಲೆ ಅದರ ಉದ್ದ ಅಳೆಯುವವರಿರಲಿಲ್ಲ. ಶಹಾಪುರದಲ್ಲಿ ಒಂಬತ್ತೇ ದಿನಕ್ಕೆ ಎತ್ತಿದ ಪಿಚ್ಚರು ಇಲ್ಲಿ ಐವತ್ತು ದಿನ ಓಡಿತು. ಐವತ್ತನೆಯ ದಿನ ರುದ್ರಭೂಷಣನೇ ಬಂದು ವೇದಿಕೆ ಹತ್ತಿದ.

“ನನ್ನ ಸಿನಿಮಾದಲ್ಲಿ ಒಂದೇ ಒಂದು ಫ್ರೇಮ್ ಕೂಡ ತೆಗೆಯೋಕಾಗಲ್ಲ! ಅದು ಅರ್ಥ ಆಗಿದ್ದು ಸುರಪುರದ ಜನಕ್ಕೆ ಮಾತ್ರ!”

ಸೀಟಿ ಬಿದ್ದವು. ಆಮೇಲೆ ಅವನು ರೀಲು ಓಡಿಸಿದವನಿಗೆ ಶಾಲು ಹೊದಿಸಿದ. ಬಾಲಪ್ಪ ಆ ಫೋಟೊದಲ್ಲಿ ನಕ್ಕಿದ್ದು ಆಗ.

“ಊರಾಗ ಹೇಳಬ್ಯಾಡವಾ,” ಎಂದಿದ್ದ ಮಗಳಿಗೆ, ಮನೆಗೆ ಬರುವ ದಾರಿಯಲ್ಲಿ. “ಹೇಳಿದ್ರ, ತಗದದ್ದನ್ನ ಮತ್ತ ಹಚ್ಚು ಅಂತ ಗದ್ದಲ ಹಾಕ್ತಾರ. ಮಾಡಾವಗೂ ಅಕಲ್ ಇಲ್ಲ, ನೋಡಾವಗೂ ಇಲ್ಲ.”

ರೀಲು ನಿಲ್ಲುವವರೆಗೂ ರುದ್ರಭೂಷಣನ ಒಂದು ಪಿಚ್ಚರನ್ನೂ ಅವನು ಇಡಿಯಾಗಿ ತೋರಿಸಲಿಲ್ಲ.

*

ಮಧ್ಯಾಹ್ನ ಹಲಗೆ ಬಾರಿಸುವ ಸದ್ದಿನೊಂದಿಗೆ ಹೊಲದ ಬದುವಿಗೆ ಬಂದರು. ಬಾಲಪ್ಪನನ್ನು ಗುಂಡಿಯಲ್ಲಿ ಇಳಿಸಿದ್ದಾಯಿತು. ದೇವು ಕಂಕುಳಲ್ಲಿದ್ದ ಫ್ಲೆಕ್ಸನ್ನು ಬಿಚ್ಚತೊಡಗಿದ.

“ತಡಿಯೋ,” ಎಂದಳು ಹಣಮಮ್ಮ. ಸೆರಗಿನಡಿಯಿಂದ ತುಕ್ಕು ಹಿಡಿದ ದುಂಡನೆಯ ತಗಡಿನ ಡಬ್ಬಿ ತೆಗೆದಳು.

“ಯವ್ವಾ, ಅಪ್ಪ ಹೇಳಬ್ಯಾಡ ಅಂದಿದ್ದ.”

“ಅವ ನಿನ್ನ ಬಾಯಿ ಕಟ್ಟ್ಯಾನ, ನಂದಲ್ಲ.”

ಮುಚ್ಚಳ ತೆಗೆದದ್ದೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ಫಿಲ್ಮು ಕೊಳೆತರೆ ಅಸಿಟಿಕ್ ಆಮ್ಲ ಬಿಡುತ್ತದೆಂದು ಪವಿತ್ರಾಳಿಗೆ ಗೊತ್ತಿತ್ತು.

“ಇದು ನಿಮ್ಮ ಕುದುರಿ ಪಿಚ್ಚರ್‌ದು,” ಎಂದಳು ಹಣಮಮ್ಮ. “ನಿಮಗ ಬ್ಯಾಸರಾಗತದಂತ ನನ್ನ ಗಂಡ ಕೊಯ್ದು ತಗದದ್ದು. ಬಾಣ ಬಿಟ್ಟಂಗ ಹೋಗತಿತ್ತಲ್ಲ, ಆ ಬಾಣ ಬಿಟ್ಟಾವ ಈ ಕುಣಿಯಾಗ ಮಲಗ್ಯಾನ. ಭಕ್ತ ಅಂತ, ಭಕ್ತ!”

ಪರಮಣ್ಣ ಸುರುಳಿಯ ತುದಿ ಎಳೆದು ಬಿಸಿಲಿಗೆ ಹಿಡಿದ. ಒಂದು ಮೊಳ ನೋಡಿದ, ಇನ್ನೊಂದು ಮೊಳ ನೋಡಿದ. “ಯಪ್ಪಾ, ಇನ್ನೂ ಕದ ತೆಗಿಯಾಕತ್ತಾನಲ್ಲೋ ಇವ!”

ಹೆಣದ ಮುಂದೆ ನಗಬಾರದೆಂದು ಮುನ್ನಿಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ದೇವು ಬಿಸಿಲಿಗೆ ಹಿಡಿದ ಫಿಲ್ಮಿನ ಕಡೆ ಬಗ್ಗಿ ನೋಡಿದ. ಆಮೇಲೆ ಕಣ್ಣು ಹೊಳೆದವು. “ಅಕ್ಕಾರ! ಇದು ಯಾರೂ ನೋಡಲಾರದ ಸೀನ್ ಅಲ್ರಿ! ಕೊಡ್ರಿ ಇಲ್ಲಿ, ಸಾಹೇಬ್ರಿಗೆ ಮುಟ್ಟಸ್ತೇನಿ. ಮತ್ತ ಹಚ್ಚಿ ಪೂರಾ ಪಿಚ್ಚರ್ ರಿಲೀಸ್ ಮಾಡಸ್ತೇವಿ!”

“ಹೌದಲ್ಲ,” ಎಂದ ಪರಮಣ್ಣ, ಗೋಣು ಹಾಕುತ್ತ. “ಹಂಗಂದ್ರ ನಾವು ಪೂರಾ ನೋಡೇ ಇಲ್ಲ. ಒಮ್ಮಿ ಪೂರಾ ನೋಡಬೇಕು ಮತ್ತ.”

ಹಣಮಮ್ಮ ಗುಂಡಿಯ ಕಡೆ ಬಗ್ಗಿದಳು. “ಕೇಳಿದ್ಯಾ?” ಎಂದಳು ಗಂಡನಿಗೆ.

ಪವಿತ್ರಾ ಪರಮಣ್ಣನ ಕೈಯಿಂದ ಫಿಲ್ಮು ಬಿಡಿಸಿಕೊಂಡು, ಅಪ್ಪ ಕಲಿಸಿದ ಹಾಗೆ ಬಿಗಿಯಾಗಿ ಸುತ್ತಿ, ಡಬ್ಬಿ ಮುಚ್ಚಿ, ಮಂಡಿಯೂರಿ ಗುಂಡಿಯೊಳಗೆ ಅಪ್ಪನ ಬಲಗೈಯ ಪಕ್ಕಕ್ಕೆ ಇಳಿಸಿದಳು. ತಡೆಯಲು ನುಗ್ಗಿದ ದೇವುವಿನ ಕೈಯಿಂದ ಫ್ಲೆಕ್ಸು ಜಾರಿ ಬಿದ್ದಿತ್ತು. ಮಣ್ಣು ಕೊಡುವವರು ಡೈರೆಕ್ಟರನ ಮುಖ ತುಳಿದುಕೊಂಡೇ ಒಬ್ಬೊಬ್ಬರಾಗಿ ಮುಂದೆ ಬಂದರು. ಹಿಡಿಮಣ್ಣು ತಗಡಿಗೆ ಬಿದ್ದು ಸದ್ದಾಯಿತು. ಮುಚ್ಚಳದ ಮೇಲೆ ಅಪ್ಪ ಮೊಳೆಯಿಂದ ಕೆರೆದಿಟ್ಟ ಅಂಕಿ ಎಲ್ಲಕ್ಕಿಂತ ಕಡೆಗೆ ಮುಚ್ಚಿಹೋಯಿತು: 1,530 ಅಡಿ.