ಸಂಪಿನ ಮೇಲಿನ ಎಡೆ

1979ರಲ್ಲಿ ನನಗೆ ಎರಡು ಕಡೆ ಓದುವ ಅವಕಾಶ ಬಂತು. ಒಂದು, ಹೆಬ್ಬಾಳದ ಕೃಷಿ ಕಾಲೇಜು. ಗಂಗಾನಗರದ ನಮ್ಮ ಮನೆಯಿಂದ ನಡೆದೇ ಹೋಗಬಹುದು, ಫೀಸು ಅಪ್ಪನ ಸಂಬಳದಲ್ಲೇ ತೂಗುತ್ತದೆ, ಮೇಲಾಗಿ ನನಗೆ ಬೇಕಾಗಿದ್ದದ್ದೂ ಅದೇ. ಇನ್ನೊಂದು, ದೂರದ ಊರಿನ ಹೆಸರುವಾಸಿ ಮೆಡಿಕಲ್ ಕಾಲೇಜು. ಅಲ್ಲಿ ಡೊನೇಷನ್ ಕೊಟ್ಟರೆ ಮಾತ್ರ ಸೀಟು.

ಅಪ್ಪ ಶ್ರೀರಾಮಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹೆಬ್ಬಾಳದ ಸೀಟಿನ ಸುದ್ದಿಯನ್ನು ಖುಷಿಯಿಂದ ತನ್ನ ಸಾಹೇಬರಾದ ಶೇಷಗಿರಿಯವರಿಗೆ ಹೇಳಿದನಂತೆ. "ಅಗ್ರಿಕಲ್ಚರಾ? ಮಣ್ಣು ಕೆದಕೋದು ನಿಮ್ಮೋರಿಗೆ ಹುಟ್ತಾನೇ ಬರುತ್ತಲ್ರೀ, ಅದಕ್ಯಾಕೆ ಡಿಗ್ರಿ?" ಎಂದು ಅವರು ನಕ್ಕರಂತೆ. ಅಷ್ಟಕ್ಕೇ ಅಪ್ಪನ ತಲೆ ಕೆಟ್ಟಿತು. ಆ ಮಹಾನುಭಾವರು ಸಂಜೆಯೊಳಗೆ ಅದನ್ನು ಮರೆತಿರುತ್ತಾರೆ. ಅನುಭವಿಸಿದವರು ನಾವು.

ಮಾರಲು ಇದ್ದದ್ದು ಮನೆಯ ಹಿಂದಿನ ಹೊಲವೊಂದೇ. ಅದರ ಮೂಲೆಯಲ್ಲಿ, ಹೊಂಗೆಮರದ ಕೆಳಗೆ, ತಾತ ಮುನಿರಾಮಯ್ಯನ ಸಮಾಧಿ. ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ನಮ್ಮಲ್ಲಿ ರೂಢಿ. ಪಿತೃಪಕ್ಷದಲ್ಲಿ ಅಲ್ಲಿಗೇ ಹೋಗಿ ಎಡೆ ಇಟ್ಟು, ಮನೆಯ ಸುದ್ದಿಯನ್ನೆಲ್ಲ ಸತ್ತವರಿಗೆ ಗಟ್ಟಿಯಾಗಿ ಹೇಳುತ್ತೇವೆ. ಯಾರಿಗೆ ಮದುವೆ ಗೊತ್ತಾಯಿತು, ಯಾವ ಎಮ್ಮೆ ಕರು ಹಾಕಿತು, ಎಲ್ಲವನ್ನೂ. ತಾತನ ಪಕ್ಕದ ಜಾಗ ಅಜ್ಜಿ ಮುನಿಕೆಂಪಮ್ಮನದು ಎಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಕಳೆ ಕೀಳುವಾಗ ಅವಳು "ನನ್ ಮನೆ ಗುಡಿಸ್ತಾ ಇವ್ನಿ" ಎಂದು ನಗುತ್ತಿದ್ದಳು.

"ಎಬ್ಬಾಳ ಆದ್ರೆ ಮದ್ಯಾನ ಮನೆಗ್ ಬಂದು ಉಂಡು ಓಗ್ತದೆ. ಮಗೀಗೂ ಅದೇ ಇಷ್ಟ. ಇನ್ನೇನಪ್ಪಾ ನಿನ್ ಗೋಳು?" ಎಂದು ಅಜ್ಜಿ ಕೇಳಿದಳು.

"ನಾಳೆ ಊರೋರೆಲ್ಲ ನಿನ್ನ ಡಾಕ್ಟ್ರಮ್ಮನ ಅಜ್ಜಿ ಅಂತಾರೆ ಕಣವ್ವಾ" ಎಂದ ಅಪ್ಪ.

"ಅಪ್ಪಾ, ನಂಗೆ ಹೆಬ್ಬಾಳನೇ ಸಾಕು" ಎಂದೆ.

"ನಿಂಗೇನ್ ಗೊತ್ತಾಗುತ್ತೆ ಕೃಷ್ಣವೇಣಿ, ಸುಮ್ನಿರು."

ಕೊನೆಗೆ ಅಜ್ಜಿಯೂ ಕರಗಿದಳು. ಹೊಲ ಕೊಂಡವನು ಹುಣಸಮಾರನಹಳ್ಳಿಯ ಮುನಿಗಂಗಪ್ಪ. ಸಮಾಧಿ ಮುಟ್ಟುವುದಿಲ್ಲ, ಪಕ್ಕದ ಜಾಗವನ್ನೂ ಬಿಡುತ್ತೇನೆ ಎಂದು ಮಾತು ಕೊಟ್ಟ. ಅದನ್ನು ಕ್ರಯಪತ್ರದಲ್ಲಿ ಬರೆಸಲು ಅಪ್ಪ ಹೊರಟಾಗ ತಡೆದವಳು ಅಜ್ಜಿಯೇ.

"ಮಗೀನ್ ಓದು ಅಂತ ಒಳ್ಳೇ ಕೆಲ್ಸಕ್ ಮಾರ್ತಾ ಇರೋದು. ಆ ಕಾಗ್ದದಾಗೆ ಸಾವು, ಸಮಾದಿ ಅಂತ ಬರುಸ್ಬ್ಯಾಡ. ಅಪಸಕುನ."

ನಾನು ಹೋದೆ. ದೊಡ್ಡ ಕಂಬಗಳ ಕಟ್ಟಡ ನೋಡಿ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ನನಗೆ ಮಾತ್ರ ಅಲ್ಲಿ ಉಸಿರು ಕಟ್ಟಿತು. ಹಾಸ್ಟೆಲಿನ ಹುಡುಗಿಯರು ನಗುವುದೂ ಇಂಗ್ಲಿಷಿನಲ್ಲೇ ಅನ್ನಿಸುತ್ತಿತ್ತು. ಅನಾಟಮಿ ಹಾಲಿನ ಮೇಜಿನ ಮೇಲೆ ಯಾರದೋ ಅನಾಥ ಹೆಣ. ಇವನಿಗೆ ಎಡೆ ಇಡುವವರು ಯಾರು ಎಂದು ಯೋಚಿಸುತ್ತ ನಿಂತರೆ ಕತ್ತಿ ಹಿಡಿದ ಕೈ ಮುಂದೆ ಹೋಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಫೇಲು.

ಅಷ್ಟರಲ್ಲಿ ಮುನಿಗಂಗಪ್ಪ ತೀರಿಕೊಂಡ. ಅವನ ಮಕ್ಕಳು ಹೊಲವನ್ನು ಸೈಟುಗಳಾಗಿ ಹೋಳು ಮಾಡಿ ಮಾರಿದರು. ಹೊಂಗೆಮರದ ಮೂಲೆ ವೇಣುಗೋಪಾಲ ಎಂಬ ಬ್ಯಾಂಕ್ ನೌಕರರ ಪಾಲಾಯಿತು. ಅಪ್ಪ ಕಚೇರಿ ಮುಗಿಸಿ ಬರುವಷ್ಟರಲ್ಲಿ ಮರ ಉರುಳಿತ್ತು, ಸಮಾಧಿಯ ಜಾಗದಲ್ಲಿ ನೀರಿನ ಸಂಪಿಗಾಗಿ ಗುಂಡಿ ತೋಡಿದ್ದರು. "ನಮಗೆ ಯಾರೂ ಹೇಳ್ಲೇ ಇಲ್ವಲ್ಲಾ ಸ್ವಾಮೀ" ಎಂದು ಅವರು ಕೈ ಮುಗಿದರು. ಒಳ್ಳೆಯ ಮನುಷ್ಯ. ಬೈಯಲೂ ಆಗಲಿಲ್ಲ.

ಅಜ್ಜಿ ಆಗ ಹಾಸಿಗೆ ಹಿಡಿದಿದ್ದಳು. "ನನ್ ಜಾಗ ಅಚ್ಚುಕಟ್ಟಾಗ್ ಮಡಗಿದ್ದೀಯೇನಪ್ಪಾ?" ಎಂದು ಆಗಾಗ ಕೇಳುವಳು. "ಊಂ ಕಣವ್ವಾ" ಎಂದು ಅಪ್ಪ ಮುಖ ತಿರುಗಿಸುವನು. ಆ ಬೇಸಿಗೆಯಲ್ಲೇ ಅವಳು ಹೋದಳು. ಊರಾಚೆಯ ಸಾರ್ವಜನಿಕ ಸ್ಮಶಾನದಲ್ಲಿ, ಗುರುತಿಲ್ಲದವರ ನಡುವೆ ಅವಳನ್ನು ಮಣ್ಣು ಮಾಡಿದೆವು. ಮೊಮ್ಮಗಳನ್ನು ಡಾಕ್ಟರ್ ಓದಿಸಿದ ಪುಣ್ಯವಂತೆ ಎಂದು ಬಂದವರು ಹೊಗಳಿದರು. ಅವರ ಬಾಯಿಗೆ ಮಣ್ಣು ತುಂಬಬೇಕು ಅನ್ನಿಸಿತು ನನಗೆ.

ನಾನು ಮತ್ತೆ ಕಾಲೇಜಿಗೆ ಹೋಗಲಿಲ್ಲ. ಕೂಡಿಸಿದ್ದೆಲ್ಲ ಖಾಲಿಯಾಗಿತ್ತು, ಹೆಬ್ಬಾಳದ ಬಾಗಿಲೂ ಮುಚ್ಚಿತ್ತು.

ಪಿತೃಪಕ್ಷ ಬಂತು. ಮುದ್ದೆ, ಕೋಳಿಸಾರು, ಕಜ್ಜಾಯ ಹಿಡಿದು ಅಪ್ಪನ ಜೊತೆ ವೇಣುಗೋಪಾಲರ ಗೇಟಿನ ಮುಂದೆ ನಿಂತೆ. ಅವರ ಹೆಂಡತಿ ಅಲಮೇಲು ಬಾಗಿಲು ತೆಗೆದರು. ಕೋಳಿಸಾರಿನ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದರೂ "ಬನ್ನಿ, ಇಡಿ" ಎಂದು ಪಕ್ಕಕ್ಕೆ ಸರಿದರು. ಸಂಪಿನ ಮುಚ್ಚಳದ ಮೇಲೆ ಬಾಳೆಲೆ ಹಾಸಿ ಬಡಿಸಿದೆವು.

ಅಪ್ಪ ಮಂಡಿಯೂರಿದ. ಕಚೇರಿಯ ಭಾಷೆಯೆಲ್ಲ ಬಿಟ್ಟುಹೋಗಿ ಚಿಕ್ಕಂದಿನ ಮಾತು ಬಂತು.

"ಅಪ್ಪಾ, ಎಲ್ಲ ಸಂದಾಗಿದ್ದೀವಿ. ಕೃಷ್ಣವೇಣಿ ಡಾಕ್ಟ್ರಾಗ್ತಾ ಅವ್ಳೆ. ಅವ್ವ ಮನೇಲಿ ಸಂದಾಗವ್ಳೆ ಕಣಪ್ಪಾ, ನೀನು ಕಾಯ್ಬ್ಯಾಡ."

ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.