ಸೈನಬಕ್ಕನ ಸೌಟು, ಹೀಟರಿನ ಕೆಂಪು ಗುಂಡಿ

ಬಾಣಂತಿಗೆ ನಲವತ್ತು ದಿನ ಸುಡುಸುಡು ನೀರು ಹೊಯ್ಯಬೇಕು, ಒಂದು ದಿನ ತಪ್ಪಿದರೂ ಸೊಂಟನೋವು ಸಾಯುವ ತನಕ ಬಿಡುವುದಿಲ್ಲ. ಇದು ವಿಟ್ಲದ ಸೈನಬಕ್ಕನ ಮಾತು. ಈ ಮಾತಿಗೆ ಎದುರಾಡಿದವರು ಅವರ ಊರಿನಲ್ಲಿ ಯಾರೂ ಇಲ್ಲ. ಎಷ್ಟೋ ಬಾಣಂತಿಯರಿಗೆ ನೀರು ಹೊಯ್ದು ಪಳಗಿದ ಕೈ ಅವರದು.

ಮಗಳು ಫರ್ಸಾನಾಳ ಹೆರಿಗೆಗೆಂದು ಅವರು ಕುವೈತಿಗೆ ಬಂದದ್ದು 2007ರ ಡಿಸೆಂಬರಿನಲ್ಲಿ. ಪೆಟ್ಟಿಗೆಯಲ್ಲಿ ಲೇಹ್ಯ ಇತ್ತು, ತೆಂಗಿನೆಣ್ಣೆ ಇತ್ತು, ಉದ್ದ ಹಿಡಿಯ, ತೆಂಗಿನ ಗೆರಟೆಯ ಸೌಟೂ ಇತ್ತು. ಮಗಳ ಮನೆ ಮೈದಾನ್ ಹವಲ್ಲಿಯ ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ. ಅಳಿಯ ತಾಹಿರ್ ಬೆಳಿಗ್ಗೆ ಬೇಗನೆ ಫಹಾಹೀಲಿನ ಅಂಗಡಿಗೆ ಹೊರಟರೆ ಮನೆಗೆ ಬರುವುದು ರಾತ್ರಿ. ಮೊಮ್ಮಗಳು ಶಹಲಾ ಹುಟ್ಟಿದ ಮೇಲೆ ಮನೆಯ ದರ್ಬಾರು ಪೂರ್ತಿ ಸೈನಬಕ್ಕನದ್ದೇ ಆಯಿತು.

ಕುವೈತ್ ಅಂದರೆ ಬರೀ ಬಿಸಿಲು ಎಂದುಕೊಂಡಿದ್ದವರಿಗೆ ಅಲ್ಲಿನ ಜನವರಿಯ ಚಳಿ ಹಲ್ಲು ಕಡಿಸಿತು. ನಲ್ಲಿಯ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಬಚ್ಚಲಲ್ಲಿ ಹಂಡೆಯೂ ಇಲ್ಲ, ಒಲೆಯೂ ಇಲ್ಲ. ಗೋಡೆಯ ಮೇಲೆ ಡೋಲಿನಂಥ ಒಂದು ಹೀಟರ್ ತೂಗುತ್ತಿತ್ತು, ಅಷ್ಟೇ. ಅದರ ನೀರು ಬೆಚ್ಚಗಿರುತ್ತಿತ್ತು, ಸುಡುತ್ತಿರಲಿಲ್ಲ. ಸೈನಬಕ್ಕನಿಗೆ ಅದು ಸಮಾಧಾನ ತರಲಿಲ್ಲ.

ಹನ್ನೆರಡನೇ ದಿನ ಹೀಟರ್ ನಿಂತುಹೋಯಿತು. ಕಟ್ಟಡ ನೋಡಿಕೊಳ್ಳುವ ಕಾವಲುಗಾರ, ಅಲ್ಲಿನವರ ಮಾತಿನಲ್ಲಿ ಹಾರಿಸ್, ಬಂದು, ಅಡಿಯ ಮುಚ್ಚಳ ತೆಗೆದು, ಒಳಗಿನ ಪುಟ್ಟ ಕೆಂಪು ಗುಂಡಿಯನ್ನು ಒತ್ತಿ, 'ಖಲಾಸ್' ಎಂದು ಕೈ ಕೊಡವಿ ಹೋದ. ಮುಚ್ಚಳವನ್ನು ಅರ್ಧ ಸಿಕ್ಕಿಸಿಯೇ ಹೋದ. ಅದಾದ ಮೇಲೆ ಬಂತು ನೋಡಿ ನೀರು. ಹಬೆಯಾಡುವ, ಕೊತಕೊತ ನೀರು. ಸೈನಬಕ್ಕನ ಮುಖ ಅರಳಿತು.

ಎರಡು ದಿನಕ್ಕೆ ಮತ್ತೆ ನಿಂತಿತು. ಈ ಸಲ ಹಾರಿಸ್‌ನನ್ನು ಯಾರು ಕಾಯುತ್ತಾರೆ? ಸೈನಬಕ್ಕ ಸ್ಟೂಲು ಹತ್ತಿ, ಗೆರಟೆ ಸೌಟಿನ ಹಿಡಿಯಿಂದ ತಾನೇ ಗುಂಡಿ ಒತ್ತಿದರು. ಕೆಲಸ ಹೂವೆತ್ತಿದಷ್ಟು ಸುಲಭ. ಆಮೇಲೆ ಅದೇ ಅಭ್ಯಾಸವಾಯಿತು. ಎರಡು ದಿನಕ್ಕೊಮ್ಮೆ ಒತ್ತುತ್ತಿದ್ದುದು ದಿನಾ ಒತ್ತುವಂತಾಯಿತು. ಹೀಟರಿನ ಅಡಿಯ ಸಣ್ಣ ವಾಲ್ವಿನಿಂದ ಬಿಸಿನೀರು ತೊಟ್ಟಿಕ್ಕತೊಡಗಿದಾಗ, ಬಾಣಂತಿ ಜಾರಿ ಬೀಳಬಾರದೆಂದು ಅದಕ್ಕೊಂದು ಮರದ ಬೆಣೆ ಜಡಿದು ಹಳೆ ಬಟ್ಟೆ ಬಿಗಿದು ಕಟ್ಟಿದರು. ಊರಿನಲ್ಲಿ ಪೈಪು ಸೋರಿದರೆ ಮಾಡುವ ಉಪಾಯವೇ ಅದು. ಕ್ಲಿನಿಕ್ಕಿನ ನರ್ಸು ಇಷ್ಟು ಬಿಸಿ ಬೇಡ ಅಂದಿದ್ದಾರೆ ಉಮ್ಮಾ ಎಂದು ಫರ್ಸಾನಾ ಮೆಲ್ಲಗೆ ಹೇಳಿದ್ದಳು. ನರ್ಸು ಎಷ್ಟು ಹೆತ್ತಿದ್ದಾಳೆ ಎಂದು ಕೇಳಿ ಸೈನಬಕ್ಕ ಅವಳ ಬಾಯಿ ಮುಚ್ಚಿಸಿದ್ದರು.

ಇಪ್ಪತ್ತಮೂರನೇ ದಿನ, ಶುಕ್ರವಾರ. ಮೊದಲು ಮಗುವಿಗೆ ಸ್ನಾನ, ಆಮೇಲೆ ತಾಯಿಗೆ. ಫರ್ಸಾನಾ ಮಗುವಿಗೆ ಎಣ್ಣೆ ಹಚ್ಚಿ ಬಚ್ಚಲ ಬಾಗಿಲಲ್ಲೇ ನಿಂತಿದ್ದಳು. ಸೈನಬಕ್ಕ ಬಕೆಟಿಟ್ಟು ಬಿಸಿನೀರಿನ ಕೆಂಪು ನಲ್ಲಿ ತಿರುಗಿಸಿದರು. ನಲ್ಲಿ ಒಮ್ಮೆ ಕೆಮ್ಮಿ, ಬುಸ್ಸೆಂದು ಹಬೆಯನ್ನೂ ನೀರನ್ನೂ ಉಗುಳಿತು. ಅವರ ಮುಂಗೈ ಚುರ್ರೆಂದಿತು. ನಲ್ಲಿ ತಿರುಗಿಸಿ ನಿಲ್ಲಿಸಿದರು. ಮೇಲೆ ಹೀಟರಿನ ಹೊಟ್ಟೆಯೊಳಗೆ ಗುಡುಗುಡು ಸದ್ದು ಕೇಳುತ್ತಿತ್ತು. ಅಷ್ಟರಲ್ಲಿ ಟಿಕ್ ಎಂದು ಅದರ ದೀಪ ಆರಿತು. ಗುಂಡಿ ಮತ್ತೆ ಹೊರಬಂದಿತ್ತು. ಸೈನಬಕ್ಕ ಕೈಯನ್ನು ತಣ್ಣೀರಿಗೆ ಹಿಡಿದು, ಸೀರೆ ಸೆರಗಿಗೆ ಒರೆಸಿಕೊಂಡು, ಸೌಟು ತಂದು ಸ್ಟೂಲು ಹತ್ತಿದರು.

ಬಾಗಿಲ ಬೆಲ್ಲು ಕೇಳಿದ್ದು ಆಗಲೇ. ಫರ್ಸಾನಾ ಮಗುವನ್ನೆತ್ತಿಕೊಂಡೇ ಹೋಗಿ ಬಾಗಿಲು ತೆರೆದಳು. ಎದುರು ಮನೆಯ ಬಂಟ್ವಾಳದ ಸೇಸಪ್ಪ, ಹೆಂಡತಿ ಆಶಾಲತಾ ಕೊಟ್ಟ ಮೆಂತೆ ಲಾಡಿನ ಡಬ್ಬಿ ಹಿಡಿದು ನಿಂತಿದ್ದರು. ದೊಡ್ಡ ಕಟ್ಟಡಗಳಲ್ಲಿ ಕರೆಂಟು, ಹೀಟರು ರಿಪೇರಿ ಮಾಡುವುದೇ ಅವರ ಕೆಲಸ. ಒಳಗೆ ಕಾಲಿಡುತ್ತಲೇ ಆ ಗುಡುಗುಡು ಸದ್ದು ಅವರ ಕಿವಿಗೆ ಬಿತ್ತು. ಡಬ್ಬಿಯನ್ನು ಕುರ್ಚಿಯ ಮೇಲಿಟ್ಟವರೇ ಬಚ್ಚಲ ಹೊರಗಿನ ಸ್ವಿಚ್ಚು ಆರಿಸಿದರು.

"ಸೈನಬಕ್ಕ, ಇಳಿಯಿರಿ. ಅದನ್ನು ಒತ್ತಬೇಡಿ."

"ಅದೆಂತ ಇಲ್ಲ ಸೇಸಪ್ಪ, ದಿನಾ ಒತ್ತುವುದೇ."

"ದಿನಾ?" ಸೇಸಪ್ಪನ ದನಿಯೇ ಬದಲಾಯಿತು. ವಾಲ್ವಿಗೆ ಕಟ್ಟಿದ ಬಟ್ಟೆಯನ್ನೂ ಕಂಡಾಗ ಅವರು ಸ್ಟೂಲು ಹಿಡಿದು ಸೈನಬಕ್ಕನನ್ನು ಇಳಿಸಿದರು. ಎಲ್ಲರನ್ನೂ ಹೊರಗೆ ಕರೆದು ಬಚ್ಚಲ ಬಾಗಿಲು ಎಳೆದುಕೊಂಡರು. ನೀರು ತಣಿಯುವ ತನಕ ಬಟ್ಟೆ ಬಿಚ್ಚುವುದೂ ಬೇಡ, ಬಿಚ್ಚಿದರೆ ಕುದಿನೀರು ಮುಖಕ್ಕೇ ಹಾರುತ್ತದೆ ಎಂದರು.

ಸೈನಬಕ್ಕನಿಗೆ ಸಿಟ್ಟು ಬಂತು. ಇವತ್ತಿನ ನೀರು ತಪ್ಪಿದರೆ ಮಗಳ ಸೊಂಟಕ್ಕೆ ಯಾರು ಜವಾಬ್ದಾರಿ? ಒತ್ತಲಿಕ್ಕಲ್ಲದಿದ್ದರೆ ಆ ಗುಂಡಿ ಇಟ್ಟದ್ದಾದರೂ ಯಾಕೆ? ಅದನ್ನೇ ಕೇಳಿದರು.

ಸೇಸಪ್ಪ ಫರ್ಸಾನಾಳ ತೋಳಿನಲ್ಲಿದ್ದ ಮಗುವಿನ ಕಡೆ ನೋಡಿದರು.

"ಈ ಮಗು ಅತ್ತರೆ ನೀವೆಂತ ಮಾಡ್ತೀರಿ, ಸೈನಬಕ್ಕ? ಬಾಯಿ ಮುಚ್ಚುತ್ತೀರಾ?"

"ಯಾಕೆ ಮುಚ್ಚಲಿ? ಹಸಿವಾ, ಹೊಟ್ಟೆನೋವಾ ಅಂತ ನೋಡ್ತೇನೆ."

"ಈ ಗುಂಡಿ ಹೊರಗೆ ಬಂದರೆ ಹೀಟರ್ ಅತ್ತ ಹಾಗೆ. ನನಗೆ ಬಿಸಿ ಜಾಸ್ತಿ ಆಯ್ತು, ಒಳಗೆ ಎಂತದೋ ಹಾಳಾಗಿದೆ ಅಂತ ಅಳ್ತದೆ. ನೀವು ದಿನಾ ಅದರ ಬಾಯಿ ಮುಚ್ಚುತ್ತಾ ಇದ್ದೀರಿ. ಒತ್ತಡ ಹೊರಗೆ ಹೋಗುವ ವಾಲ್ವಿಗೂ ಬಟ್ಟೆ ಕಟ್ಟಿದ್ದೀರಿ. ಹಬೆ ಎಲ್ಲಿಗೆ ಹೋಗ್ಬೇಕು? ಟ್ಯಾಂಕ್ ಒಡೆದರೆ ಈ ಗೋಡೆಯೂ ನಿಲ್ಲುವುದಿಲ್ಲ."

ಸೈನಬಕ್ಕ ಬಾಗಿಲ ಕಡೆ ತಿರುಗಿದರು. ಆ ಹೀಟರಿನ ನೇರ ಕೆಳಗೇ ಅವರು ದಿನವೂ ಮಣೆ ಹಾಕಿ, ಕಾಲು ಚಾಚಿ, ಕಾಲ ಮೇಲೆ ಮೊಮ್ಮಗಳನ್ನು ಮಲಗಿಸಿಕೊಳ್ಳುತ್ತಿದ್ದರು. ಅವರು ಮೆಲ್ಲಗೆ ಮಗುವನ್ನು ಎತ್ತಿಕೊಂಡು ಬಿಗಿಯಾಗಿ ಅಪ್ಪಿ ಹಿಡಿದರು. ಕಣ್ಣು ತುಂಬಿಬಂದದ್ದನ್ನು ಸೇಸಪ್ಪ ನೋಡಿಯೂ ನೋಡದಂತಿದ್ದರು.

ಸ್ನಾನವೇನೂ ತಪ್ಪಲಿಲ್ಲ. ಎದುರು ಮನೆಯ ಅಡುಗೆಮನೆಯಲ್ಲಿ, ದೊಡ್ಡ ಬಿರಿಯಾನಿ ಪಾತ್ರೆಯಲ್ಲಿ ಅರ್ಧದಷ್ಟು ನೀರು ಗ್ಯಾಸಿನ ಮೇಲೆ ಕಾಯಿತು. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊಣಕೈ ಅದ್ದಿ, ಹಿತವಾಗಿದೆ ಎಂದ ಮೇಲೆ ಮಗುವಿಗೆ. ಆಶಾಲತಾರ ಮನೆಯ ಬಚ್ಚಲಲ್ಲಿ ಅಂದು ಎರಡು ಸ್ನಾನ ನಡೆದವು. ಇಷ್ಟು ಹಿತ ಯಾವತ್ತೂ ಇರಲಿಲ್ಲ ಎಂದು ಫರ್ಸಾನಾ ಹೇಳಿದಾಗ ಸೈನಬಕ್ಕ ಈ ಸಲ ಎದುರಾಡಲಿಲ್ಲ.

ನೀರು ತಣಿದ ಮೇಲೆ ಸೇಸಪ್ಪ ಬಟ್ಟೆ, ಬೆಣೆ ತೆಗೆದರು. ಬಿಸಿಯ ಲೆಕ್ಕ ಇಡುವ ಥರ್ಮೋಸ್ಟಾಟ್ ಅಂಟಿಕೊಂಡಿತ್ತು, ನೀರು ಎಷ್ಟು ಕಾದರೂ ಕರೆಂಟು ನಿಲ್ಲಿಸುತ್ತಿರಲಿಲ್ಲ. ತಾಹಿರ್ ಹಾರಿಸ್‌ಗೆ ವಿಷಯ ತಿಳಿಸಿದ. ಮರುದಿನ ಹೊಸ ಥರ್ಮೋಸ್ಟಾಟ್, ಹೊಸ ವಾಲ್ವು ಬಂತು. ಮುಚ್ಚಳಕ್ಕೆ ಸ್ಕ್ರೂ ಬಿಗಿಯಿತು. ಗೆರಟೆ ಸೌಟು ಅಡುಗೆಮನೆಗೆ ಮರಳಿ ಸಾರು ತಿರುಗಿಸತೊಡಗಿತು.

ನಲವತ್ತನೇ ದಿನದ ಊಟಕ್ಕೆ ಕೆಳಮನೆಯ ಲೂರ್ಡ್ಸ್ ಬಾಯಿ ಬಂದಿದ್ದರು. ತಮ್ಮ ಹೀಟರೂ ನಿಂತಿದೆ, ಒಂದು ಗುಂಡಿ ಉಂಟಂತಲ್ಲ, ನೀವೇ ಬಂದು ಒತ್ತಿಕೊಡಿ ಎಂದರು. ಸೈನಬಕ್ಕನ ತೊಡೆಯ ಮೇಲೆ ಶಹಲಾ ನಿದ್ದೆ ಮಾಡುತ್ತಿದ್ದಳು.

"ಸ್ವಿಚ್ಚು ಆರಿಸಿ ಸೇಸಪ್ಪನನ್ನು ಕರೆಯಿರಿ, ಬಾಯಿ," ಎಂದರು ಸೈನಬಕ್ಕ. "ಅದು ಯಾಕೆ ಅಳ್ತದೆ ಅಂತ ಅವರು ನೋಡಲಿ."

ಓದಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹೀಟರ್ ತಾನಾಗಿ ನಿಂತರೆ ಮೊದಲು ಹೊರಗಿನ ಸ್ವಿಚ್ಚು ಆರಿಸಿ. ನೀರು ತಣಿಯಲು ಬಿಡಿ. ಮುಚ್ಚಳದೊಳಗೆ ಕರೆಂಟು ಇರುತ್ತದೆ, ಕೈ ಹಾಕಬೇಡಿ, ಕೆಲಸ ಬಲ್ಲವರನ್ನೇ ಕರೆಯಿರಿ. ಅವರು ಬರೀ ಗುಂಡಿ ಒತ್ತಿ ಹೊರಟರೆ, ಯಾಕೆ ನಿಂತಿತು ಎಂದು ಕೇಳದೆ ಕಳಿಸಬೇಡಿ. ತೊಟ್ಟಿಕ್ಕುವ ವಾಲ್ವಿಗೆ ಬಟ್ಟೆ ಕಟ್ಟಬೇಡಿ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರೇ ಸುಡುವ ಕಾರಣ ಹೀಟರ್ ಆರಿಸಿ, ಅದರೊಳಗೆ ತಣಿದ ನೀರನ್ನು ಕೆಂಪು ನಲ್ಲಿಯಿಂದ ಹಿಡಿಯುವವರು ಕುವೈತಿನ ನಾವು. ಚಳಿ ಶುರುವಾಗಿ ಅದನ್ನು ಮತ್ತೆ ಹಾಕುವ ಮೊದಲು ಒಮ್ಮೆ ತೋರಿಸಿಬಿಡಿ. ನಿಮ್ಮ ಕಟ್ಟಡದ ಹಾರಿಸ್‌ಗೆ ಹೇಳಲು ಸಂಕೋಚ ಬೇಡ. ಆ ಬಚ್ಚಲಲ್ಲಿ ಸ್ನಾನ ಮಾಡುವುದು ನಿಮ್ಮ ಮಕ್ಕಳು.