ಅಣ್ಣನ ಹೆಸರು ಒತ್ತಿದರೆ

"ಕಣ್ಣು ಮುಚ್ಚಿಕೊಳ್ಳಿ ಅಂಕಲ್," ಎಂದಳು ಅಂಗಡಿಗೆ ಜಾಹೀರಾತು ಮಾಡಿಕೊಡಲು ಬಂದಿದ್ದ ಹುಡುಗಿ. "ಈಗ ನಿಮ್ಮನ್ನ ಹುಡುಕ್ತಿರೋರು ಯಾರು, ಎಲ್ಲಿ ನಿಂತಿದ್ದಾರೆ, ಹೇಳಿ."

ಕೀ ಮಾಡುವವನಿಗೆ ಕಣ್ಣು ಮುಚ್ಚುವುದು ಹೊಸದಲ್ಲ. ಬೀಗ ತೆರೆಯುವಾಗ ಕಣ್ಣು ಅಡ್ಡ ಬರುತ್ತದೆ, ಬೆರಳಿಗೆ ಬಿಟ್ಟುಬಿಡು ಎಂದೇ ಅಪ್ಪ ಕಲಿಸಿದ್ದು. ಗೋಡೆ ತುಂಬ ನೇತುಹಾಕಿದ್ದ ಕೀಗಳು ಫ್ಯಾನಿನ ಗಾಳಿಗೆ ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಆ ಸದ್ದಿನೊಳಗೆ ಅವನು ಮಧ್ಯಾಹ್ನದ ನಿದ್ದೆಗೆ ಜಾರುವವನಂತೆ ಮೆಲ್ಲಗೆ ಜಾರಿದ. ಒಂದು ಮೆಟ್ಟಿಲು ಕಂಡಿತು. ಮುಚ್ಚಿದ ಬಾಗಿಲು. ಯಾರೋ ಹೆಂಗಸು, ಕೈಯಲ್ಲಿ ತರಕಾರಿ ಚೀಲ. ಬೆನ್ನು ಮಾತ್ರ ಕಾಣುತ್ತದೆ, ಮುಖವಿಲ್ಲ.

"ಅವರು ಫೋನಲ್ಲಿ ಏನಂತ ಹುಡುಕ್ತಾರೆ?"

"ಕೀ ಒಳಗೇ ಉಳೀತು, ಯಾರಾದ್ರೂ ಬನ್ನಿ ಅಂತ."

"ನಿಮ್ಮ ವೆಬ್‌ಸೈಟಲ್ಲಿ ಏನಿದೆ? 'ಸಮಗ್ರ ಭದ್ರತಾ ಪರಿಹಾರಗಳು'. ಬಾಗಿಲ ಹೊರಗೆ ನಿಂತೋರು ಯಾರಾದ್ರೂ ಸಮಗ್ರ ಅಂತ ಹುಡುಕ್ತಾರಾ?"

ಒಂದು ವಾರ ತಲೆ ಕೆಡಿಸಿಕೊಂಡು ಆ ಸಾಲು ಬರೆದಿದ್ದವನು ಅವನೇ. ಪೆಚ್ಚಾಗಿ ನಕ್ಕ. ಹುಡುಗಿ ಅದನ್ನು ಅಳಿಸಿ, 'ಕೀ ಒಳಗೇ ಉಳಿಯಿತೇ? ಫೋನ್ ಮಾಡಿ, ಬರುತ್ತೇವೆ' ಎಂದು ಹಾಕಿದಳು. ಆಮೇಲೆ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದಳು.

"ಇನ್ನೊಂದು ಉಪಾಯ ಇದೆ. ಇಲ್ಲಿನ ಜನ ಬೀಗ ಅಂದ್ರೆ ಆ ಹಳೇ ಅಂಗಡಿ ಹೆಸರನ್ನೇ ಹುಡುಕ್ತಾರೆ. ಆ ಹೆಸರು ಒತ್ತಿದೋರಿಗೆ ಮೊದಲು ನಿಮ್ಮ ಜಾಹೀರಾತು ಕಾಣೋ ಹಾಗೆ ಮಾಡೋಣ. ಎಲ್ಲರೂ ಮಾಡ್ತಾರೆ, ತಪ್ಪೇನಿಲ್ಲ."

ಅಪ್ಪ ಅಣ್ಣನ ಹೆಸರಿಟ್ಟು ಕಟ್ಟಿದ ಆ ಅಂಗಡಿ ಈಗ ಅಣ್ಣನದೇ. ಅಪ್ಪ ಹೋದ ಮೇಲೆ ಪಾಲಿನ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಇವನು ಬರಿಗೈಯಲ್ಲಿ ಹೊರಬಿದ್ದು ಎರಡು ಬೀದಿ ಆಚೆ ಈ ಅಂಗಡಿ ತೆರೆದಿದ್ದ. ಅಂದಿನಿಂದ ಅಣ್ಣನ ಮುಖ ನೋಡಿಲ್ಲ. ಗಿರಾಕಿಗಳೂ ಇವನ ಮುಖ ಅಷ್ಟಾಗಿ ನೋಡಿಲ್ಲ. ಈ ವರ್ಷವೂ ಹೀಗೇ ಆದರೆ ಬಾಗಿಲು ಮುಚ್ಚುವುದೊಂದೇ ದಾರಿ. ಅದು ಅಣ್ಣನ ಅಂಗಡಿ ಎಂದು ಅವನು ಹುಡುಗಿಗೆ ಹೇಳಲಿಲ್ಲ. "ಹಾಕಮ್ಮ," ಎಂದ.

ಫೋನು ಹೊಡೆದುಕೊಳ್ಳತೊಡಗಿತು. ಅಣ್ಣನನ್ನು ಕೇಳಿದವರಿಗೂ "ಬಂದೆ" ಎಂದು ಹೊರಟುಬಿಡುತ್ತಿದ್ದ. ಗೆದ್ದ ಖುಷಿಯೇನೋ ಇತ್ತು. ರಾತ್ರಿ ಊಟಕ್ಕೆ ಕೂತರೆ ಮಾತ್ರ ಅವತ್ತು ಬಂದವರಲ್ಲಿ ಅಣ್ಣನ ಗಿರಾಕಿಗಳೆಷ್ಟು ಎಂದು ಲೆಕ್ಕ ಹಾಕುತ್ತಿದ್ದ.

ಹಾಗಿರುವಾಗ ಒಂದು ಮಧ್ಯಾಹ್ನ, ಗಲ್ಲಾಪೆಟ್ಟಿಗೆಗೆ ತಲೆ ಆನಿಸಿ ತೂಕಡಿಸುತ್ತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಹಲೋ," ಎಂದ.

"ರೀ, ನಾನು. ತರಕಾರಿಗೆ ಅಂತ ಹೊರಗೆ ಬಂದೆ, ಬಾಗಿಲು ತಾನೇ ಹಾಕ್ಕೊಂಡುಬಿಡ್ತು. ನನ್ನ ಫೋನೂ ಒಳಗೇ. ಒಲೆ ಮೇಲೆ ಹಾಲಿಟ್ಟಿದೀನಿ, ಬೇಗ ಬನ್ನಿ."

ಅತ್ತಿಗೆ. ತಾಯಿಯಿಲ್ಲದ ಮನೆಗೆ ಸೊಸೆಯಾಗಿ ಬಂದು, ಇವನ ಶರ್ಟಿನ ಗುಂಡಿ ಹಾಕಿ ಶಾಲೆಗೆ ಕಳಿಸಿದವಳು. ಅಣ್ಣತಮ್ಮಂದಿರ ದನಿ ಒಂದೇ ಎಂದು ಮೊದಲಿನಿಂದಲೂ ಗೊಣಗುತ್ತಿದ್ದವಳೂ ಅವಳೇ. "ಬಂದೆ" ಎಂದವನೇ ಚೀಲ ಹೆಗಲಿಗೇರಿಸಿಕೊಂಡ. ಬೀದಿಯ ಬಿಸಿಲು, ನೆರಳು, ಅಂಗಡಿಗಳೆಲ್ಲ ನೀರಿನಡಿಯಲ್ಲಿದ್ದಂತೆ ಕಂಡವು. ಕಾಲು ತಾನಾಗಿಯೇ ದಾರಿ ಹಿಡಿಯಿತು.

ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ನಿಂತಿದ್ದಳು, ಕೈಯಲ್ಲಿ ತರಕಾರಿ ಚೀಲ. ತಿರುಗಿದಳು. ಆ ದಿನ ಕಾಣದಿದ್ದ ಮುಖ ಈಗ ಕಂಡಿತು. ಸೀದ ಹಾಲಿನ ವಾಸನೆ ಬಾಗಿಲ ಸಂದಿನಿಂದ ಬರುತ್ತಿತ್ತು. ಅವನು ಕಣ್ಣು ಮುಚ್ಚಿ ಬೀಗದೊಳಗೆ ತಂತಿ ಇಳಿಸಿದ. ಈ ಬೀಗವನ್ನು ಕೂರಿಸಿದ ದಿನ ಅಣ್ಣ ಸ್ಕ್ರೂ ತಿರುಗಿಸಿದ್ದ, ಇವನು ಕದ ಹಿಡಿದಿದ್ದ. ಬೆರಳಿಗೆ ಎಲ್ಲ ನೆನಪಿತ್ತು. ಬಾಗಿಲು ತೆರೆಯಿತು.

ಅವಳು ಓಡಿಹೋಗಿ ಒಲೆ ಆರಿಸಿ, ಕಪ್ಪಾದ ಪಾತ್ರೆ ಹಿಡಿದುಕೊಂಡು ಬಂದಳು.

"ಪಕ್ಕದ ಮನೆ ಫೋನಲ್ಲಿ ಅಂಗಡಿ ಹೆಸರು ಒತ್ತಿದೆ. ಮೊದಲು ಬಂದ ನಂಬರಿಗೆ ಮಾಡಿದೆ," ಎಂದಳು. ಅವಳ ಕಣ್ಣು ತುಂಬಿತ್ತು. "ನಿಮ್ಮಣ್ಣನ ಹೆಸರು ಒತ್ತಿದ್ರೆ ನೀನು ಬಂದೆ. ಫೋನಿಗೂ ಗೊತ್ತು ನೋಡು, ನೀವಿಬ್ಬರೂ ಒಂದೇ ಮನೆಯೋರು ಅಂತ."

ಅವನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. "ಆಮೇಲೆ ಬರ್ತೀನಿ ಅತ್ತಿಗೆ," ಎಂದು ಮೆಟ್ಟಿಲಿಳಿದ.

ಬೀದಿಯ ತಿರುವಿನಲ್ಲಿ ನಿಂತು ಹುಡುಗಿಗೆ ಫೋನ್ ಮಾಡಿದ. "ಆ ಹಳೇ ಅಂಗಡಿ ಹೆಸರು ತೆಗೆದುಬಿಡಮ್ಮ. ಈಗಲೇ."

"ಯಾಕಂಕಲ್? ಅದರಿಂದಾನೇ ಅಲ್ವಾ ನಿಮಗೆ ಕೆಲಸ ಬರ್ತಿರೋದು?"

"ಅದು ನಮ್ಮಣ್ಣನ ಅಂಗಡಿ ಕಣಮ್ಮ."

"ಆಯ್ತು, ತೆಗೀತೀನಿ," ಎಂದಳು ಹುಡುಗಿ.

ಅವನು ಮರದ ನೆರಳಿನಲ್ಲಿ ಕಾದ. ಆಮೇಲೆ ಅಣ್ಣನ ಅಂಗಡಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದ. ಮೊದಲಿಗೆ ಅದೇ ಬಂತು, ಅಪ್ಪ ಹಾಕಿಸಿದ್ದ ಹಳೆಯ ಬೋರ್ಡಿನ ಫೋಟೋ ಸಮೇತ. ಅದರಡಿಯ ನಂಬರನ್ನು ಮುಟ್ಟಿದ.

"ಹಲೋ," ಎಂದಿತು ಅವನದೇ ದನಿ. ಅದರ ಹಿಂದೆ ಗಾಳಿಗೆ ಕೀಗಳು ಕಿಣಿಗುಟ್ಟುತ್ತಿದ್ದವು.